ಹಳೇ ಕಾರು ನೀನೇ ಮಾರುವುದೋ, ಎಕ್ಸ್‌ಚೇಂಜಿಗೆ ಕೊಡುವುದೋ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಹೊಸ ಕಾರು ತೆಗೆದುಕೊಳ್ಳುವಾಗ ಹಳೆಯದನ್ನು ಏನು ಮಾಡಲಿ ಎಂದು ಕೇಳಿದ್ದೀಯ. ಷೋರೂಮಿನವರು ಎಕ್ಸ್‌ಚೇಂಜಿಗೆ ಕೊಡಿ ಅನ್ನುತ್ತಾರೆ, ಗೆಳತಿಯರು ನೀನೇ ಮಾರು ಅನ್ನುತ್ತಾರೆ. ಇಬ್ಬರ ಮಾತನ್ನೂ ಸದ್ಯಕ್ಕೆ ಪಕ್ಕಕ್ಕಿಡು. ಹಳೇ ಕಾರಿಗೆ ಎಷ್ಟು ಬರುತ್ತದೆ ಎಂಬುದು ನಿನ್ನ ಕೈಯಲ್ಲಿ ಬರವಣಿಗೆಯಲ್ಲಿ ಬರುವ ತನಕ ಹೊಸ ಕಾರಿನ ಚೌಕಾಸಿಗೆ ಕೂರಬೇಡ. ಇದು ಎರಡು ಬೇರೆ ವ್ಯವಹಾರ. ಒಂದಾಗಿ ಬೆರೆತರೆ ಎಲ್ಲಿ ಗಳಿಸಿದೆ, ಎಲ್ಲಿ ಕಳೆದುಕೊಂಡೆ ಎಂಬುದು ನಿನಗೇ ತಿಳಿಯುವುದಿಲ್ಲ.

ಹೇಗೆ ಬೆರೆಯುತ್ತದೆ ನೋಡು. ಹೊಸ ಕಾರಿನ ಬೆಲೆ 300 ಎಂದಿಟ್ಟುಕೋ. ಒಬ್ಬ ಡೀಲರ್ ನಿನ್ನ ಹಳೇ ಕಾರಿಗೆ 90 ಕೊಡುತ್ತೇನೆ ಅನ್ನುತ್ತಾನೆ, ಹೊಸದರಲ್ಲಿ ಏನೂ ಇಳಿಸುವುದಿಲ್ಲ. ಇನ್ನೊಬ್ಬ 85 ಅನ್ನುತ್ತಾನೆ, ಹೊಸದರಲ್ಲಿ 10 ಇಳಿಸುತ್ತಾನೆ. ಮೊದಲನೆಯವನು ಹಳೇ ಕಾರಿಗೆ ಒಳ್ಳೆ ಬೆಲೆ ಕೊಟ್ಟ ಹಾಗೆ ಕಾಣುತ್ತದೆ, ಆದರೆ ಅವನಿಗೆ ನೀನು ಕಟ್ಟಬೇಕಾದ್ದು 210, ಎರಡನೆಯವನಿಗೆ 205. ಹಾಗಾಗಿ ಎಲ್ಲರ ಹತ್ತಿರವೂ ಒಂದೇ ಪ್ರಶ್ನೆ ಕೇಳು: ಎಲ್ಲ ಸೇರಿ ನಾನು ಕೈಯಿಂದ ಕೊಡಬೇಕಾದ ವ್ಯತ್ಯಾಸ ಎಷ್ಟು? ತಿಂಗಳ ಕಂತಿನ ಮಾತು ಎತ್ತಿದರೆ ಅದಕ್ಕೆ ಉತ್ತರಿಸಬೇಡ. ಕಂತನ್ನು ಎಷ್ಟು ಬೇಕಾದರೂ ಸಣ್ಣದು ಮಾಡಬಹುದು, ಅವಧಿ ಉದ್ದ ಮಾಡಿದರೆ ಆಯಿತು. ಎಕ್ಸ್‌ಚೇಂಜ್ ಬೋನಸ್ ಕೊಡುತ್ತೇವೆ ಅಂದರೆ, ಹಳೇ ಕಾರು ಕೊಡದಿದ್ದರೆ ಅಷ್ಟೇ ರಿಯಾಯಿತಿ ನಗದಾಗಿ ಸಿಗುತ್ತದೆಯೇ ಎಂದು ಕೇಳು. ಸಿಗುತ್ತದೆ ಅಂದರೆ ಅದು ನಿನ್ನ ಹಳೇ ಕಾರಿನ ಬೆಲೆ ಅಲ್ಲ, ಲೆಕ್ಕದಿಂದ ತೆಗೆದುಹಾಕು.

ಎಕ್ಸ್‌ಚೇಂಜ್ ಬೆಲೆ ಕಡಿಮೆ ಇರುವುದಕ್ಕೆ ನ್ಯಾಯವಾದ ಕಾರಣವೂ ಇದೆ. ಡೀಲರ್ ಆ ಕಾರನ್ನು ರಿಪೇರಿ ಮಾಡಿಸಬೇಕು, ಪಾಲಿಶ್ ಮಾಡಿಸಬೇಕು, ಮಾರಾಟವಾಗುವ ತನಕ ಅದರ ಮೇಲೆ ಹಣ ಹೂಡಿ ಕಾಯಬೇಕು, ಹಲವು ಕಡೆ ಕೊಳ್ಳುವವರಿಗೆ ಗ್ಯಾರಂಟಿಯನ್ನೂ ಕೊಡಬೇಕು. ಇಷ್ಟೆಲ್ಲ ಕಳೆದ ಮೇಲೆ ಅವನ ಲಾಭ. ಈ ಕೆಲಸವನ್ನೆಲ್ಲ ನೀನು ಮಾಡಲು ಸಿದ್ಧಳಿದ್ದರೆ ಆ ಹಣ ನಿನಗೆ, ಇಲ್ಲದಿದ್ದರೆ ಅವನಿಗೆ. ನೇರವಾಗಿ ಮಾರಿದರೆ ಬರುವ ಬೆಲೆ 100, ಎಕ್ಸ್‌ಚೇಂಜಿಗೆ 85 ಎಂದಿಟ್ಟುಕೋ. 15 ಪೂರ್ತಿ ಲಾಭ ಎಂದು ಹಿಗ್ಗಬೇಡ. ತೊಳೆದು ಪಾಲಿಶ್ ಮಾಡಿಸಲು, ಸಣ್ಣಪುಟ್ಟ ಸರಿಮಾಡಿಸಲು 2, ಮಾರಾಟವಾಗುವ ತನಕದ ವಿಮೆ ಮತ್ತು ಜಾಹೀರಾತಿಗೆ 1, ಆ ಒಂದೆರಡು ತಿಂಗಳಲ್ಲಿ ಕಾರಿನ ಬೆಲೆಯೇ ಇಳಿಯುವುದಕ್ಕೆ 1. ಉಳಿದದ್ದು 96. ಇನ್ನೊಂದು ಕಡೆ, ಎಕ್ಸ್‌ಚೇಂಜ್ ಮಾಡಿದರೆ ಹೊಸ ಕಾರಿನ ಪೂರ್ತಿ ಬೆಲೆಗೆ ಅಲ್ಲದೆ ವ್ಯತ್ಯಾಸಕ್ಕೆ ಮಾತ್ರ ತೆರಿಗೆ ಹಾಕುವ ನಿಯಮ ಕೆಲವು ಕಡೆ ಇದೆ. ಅಂಥ ಕಡೆ ತೆರಿಗೆ ಶೇಕಡಾ 8 ಇದ್ದರೆ 85ರ ಮೇಲೆ 6.8 ಉಳಿತಾಯ, ಅಂದರೆ ಎಕ್ಸ್‌ಚೇಂಜಿನಿಂದ ನಿನಗೆ ಸಿಕ್ಕಿದ್ದು 91.8. ವ್ಯತ್ಯಾಸ 15 ಹೋಗಿ 4.2ಕ್ಕೆ ಬಂತು. ಆ ನಿಯಮ ಇಲ್ಲದ ಕಡೆ ವ್ಯತ್ಯಾಸ 11. ನಿನ್ನ ಊರಿನ ನಿಯಮ ಯಾವುದು ಎಂದು ಮೊದಲು ತಿಳಿದುಕೋ, ಯಾಕೆಂದರೆ ಎಷ್ಟೋ ಸಲ ತೀರ್ಮಾನವೇ ಇದರಿಂದ ತಿರುಗುತ್ತದೆ. 4 ಪಾಲಿಗಾಗಿ ಒಂದು ತಿಂಗಳು ಅಪರಿಚಿತರ ಫೋನು ತೆಗೆಯುವುದು ಬೇಡ ಎಂದು ನೀನು ಅಂದರೆ ಅದು ಸೋಮಾರಿತನವಲ್ಲ. 11 ಪಾಲು ಆದರೆ ನೇರ ಮಾರಾಟವೇ ಸರಿ ಎಂಬುದು ನನ್ನ ಅಭಿಪ್ರಾಯ.

ಸಾಲ ಬಾಕಿ ಇದ್ದರೆ ಲೆಕ್ಕ ಬೇರೆ. ಸಾಲ ಕೊಟ್ಟವರಿಂದ ಇಂಥ ದಿನಾಂಕಕ್ಕೆ ಪೂರ್ತಿ ತೀರಿಸಲು ಎಷ್ಟು ಬೇಕು ಎಂಬ ಪತ್ರ ತೆಗೆದುಕೋ. ಕಂತಿನ ಪಟ್ಟಿಯಲ್ಲಿ ಕಾಣುವ ಬಾಕಿಯೂ ಇದೂ ಒಂದೇ ಆಗಿರುವುದಿಲ್ಲ. ದಿನದಿನದ ಬಡ್ಡಿ ಸೇರುತ್ತದೆ, ಅವಧಿಗೆ ಮುಂಚೆ ತೀರಿಸಿದ್ದಕ್ಕೆ ಶುಲ್ಕವೂ ಇರಬಹುದು. ಬಾಕಿ 95, ಎಕ್ಸ್‌ಚೇಂಜ್ ಬೆಲೆ 85 ಎಂದಾದರೆ ಆ 10 ಅನ್ನು ಹೊಸ ಸಾಲಕ್ಕೆ ಸೇರಿಸಿಬಿಡೋಣ ಎಂದು ಡೀಲರ್ ಸಲೀಸಾಗಿ ಹೇಳುತ್ತಾನೆ. ಒಪ್ಪಬೇಡ ಪುಟ್ಟಿ. ನಿನ್ನ ಹತ್ತಿರ ಇಲ್ಲದ ಕಾರಿಗೆ ವರ್ಷಗಟ್ಟಲೆ ಬಡ್ಡಿ ಕಟ್ಟುತ್ತೀಯ, ಹೊಸ ಕಾರಿನ ಸಾಲವೂ ಮೊದಲ ದಿನದಿಂದಲೇ ಅದರ ಬೆಲೆಗಿಂತ ಜಾಸ್ತಿಯಾಗಿಬಿಡಬಹುದು. ಆ 10 ಕೈಯಿಂದ ಕಟ್ಟು, ಆಗದಿದ್ದರೆ ಇನ್ನಷ್ಟು ದಿನ ಹಳೆಯದನ್ನೇ ಓಡಿಸು. ಸಾಲವಿರುವ ಕಾರನ್ನು ನೇರವಾಗಿ ಮಾರಲೂಬಹುದು. ಕೊಳ್ಳುವವರನ್ನು ಕರೆದುಕೊಂಡು ಸಾಲ ಕೊಟ್ಟವರ ಶಾಖೆಗೇ ಹೋಗಿ, ಬಾಕಿಯಷ್ಟು ನೇರ ಅಲ್ಲಿಗೆ, ಉಳಿದದ್ದು ನಿನ್ನ ಖಾತೆಗೆ ಕಟ್ಟಿಸಬೇಕು. ಸಾಲ ತೀರಿದ ಪತ್ರ ಬರಲು ದಿನಗಳು, ಒಮ್ಮೊಮ್ಮೆ ವಾರಗಳೇ ಹಿಡಿಯುತ್ತವೆ. ಅಷ್ಟು ಕಾಯುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ, ಹಾಗಾಗಿ ಇಂಥ ಕಾರಿಗೆ ಗಿರಾಕಿ ಕಡಿಮೆ.

ಈಗ ಕಾರಿನ ಸ್ಥಿತಿಗೆ ಬರೋಣ. ಬೆಲೆ ಕಟ್ಟಲು ಬರುವವರು ಏನು ನೋಡುತ್ತಾರೋ ಅದನ್ನು ನೀನು ಮೊದಲೇ ನೋಡಿರಬೇಕು. ಅವರ ಕೈಯಲ್ಲಿ ಬಣ್ಣದ ದಪ್ಪ ಅಳೆಯುವ ಸಣ್ಣ ಯಂತ್ರ ಇರುತ್ತದೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಒಂದು ಬಾಗಿಲಲ್ಲಿ ಮಾತ್ರ 300 ದಾಟಿದರೆ ಅಲ್ಲಿ ಮತ್ತೆ ಬಣ್ಣ ಹೊಡೆದಿದ್ದಾರೆ, ಅದರಡಿ ಡೆಂಟು ತುಂಬುವ ಲೇಪವನ್ನೂ ಮೆತ್ತಿರಬಹುದು. ಬಾನೆಟ್ಟಿನ ಕೀಲಿನ ಬೋಲ್ಟುಗಳ ತಲೆಯ ಮೇಲೆ ಸ್ಪಾನರ್ ಗುರುತು ಇದ್ದರೆ ಅದನ್ನು ಯಾವಾಗಲೋ ಬಿಚ್ಚಿದ್ದಾರೆ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2321 ಎಂದರೆ 2021ರ 23ನೇ ವಾರದಲ್ಲಿ ತಯಾರಾದದ್ದು. ಹೊಸ ಟಯರಿನ ಮೇಲ್ಮೈಯ ಗೆರೆಗಳು ಸುಮಾರು 8 ಮಿಲಿಮೀಟರ್ ಆಳ ಇರುತ್ತವೆ, 1.6ಕ್ಕಿಂತ ಕೆಳಗಿಳಿದರೆ ಹಲವು ದೇಶಗಳ ಕಾನೂನಿನಲ್ಲಿ ಅದು ರಸ್ತೆಗೆ ಲಾಯಕ್ಕಿಲ್ಲ. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, 12ಕ್ಕಿಂತ ಕೆಳಗಿದ್ದರೆ ಅದು ಬಹುತೇಕ ಖಾಲಿ. ಹೊಗೆಯ ಬಣ್ಣವನ್ನೂ ಗಮನಿಸುತ್ತಾರೆ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ ಎಂದರೆ ಎಂಜಿನ್ ತಣ್ಣಗಿಡುವ ದ್ರವ (ಕೂಲಂಟ್) ಒಳಗೆ ಸೋರುತ್ತಿರಬಹುದು.

ಎಚ್ಚರಿಕೆಯ ದೀಪ ಉರಿಯುತ್ತಿದ್ದರೆ ಸ್ಕ್ಯಾನರ್ ಹಾಕಿ ಅಳಿಸಿ ಕೊಟ್ಟುಬಿಡೋಣ ಎಂದು ಯಾರಾದರೂ ಮೆಕ್ಯಾನಿಕ್ ಹೇಳಬಹುದು. ಅದು ಮೋಸ, ಅಷ್ಟೇ ಅಲ್ಲ, ಸಿಕ್ಕಿಬೀಳುವ ಮೋಸ. ದೋಷ ಯಾವುದೆಂದು ತಿಳಿಸುವ ಕೋಡು ಅಳಿಸಿದಾಗ ಕಾರಿನ ಕಂಪ್ಯೂಟರ್ ತನ್ನ ಸ್ವಯಂ ಪರೀಕ್ಷೆಗಳನ್ನೆಲ್ಲ ಮೊದಲಿನಿಂದ ಶುರು ಮಾಡುತ್ತದೆ. ಅವು ಇನ್ನೂ ಮುಗಿದಿಲ್ಲ ಎಂಬುದು ಕೊಳ್ಳುವವನ ಸ್ಕ್ಯಾನರಿನಲ್ಲಿ ಕಾಣುತ್ತದೆ. ಹಾಗೆಯೇ ಎಂಜಿನ್ನಿಗೆ ನೀರು ಹೊಡೆಸಿ ಫಳಫಳ ಮಾಡಿಸಬೇಡ. ವೈರಿಂಗ್ ಕನೆಕ್ಟರುಗಳಿಗೆ ನೀರು ಹೋಗುತ್ತದೆ, ಜತೆಗೆ ಆಯಿಲ್ ಸೋರಿಕೆ ಮುಚ್ಚಲು ತೊಳೆಸಿದ್ದಾರೆ ಎಂದು ತಿಳಿದವರು ಅನುಮಾನ ಪಡುತ್ತಾರೆ. ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು.

ರಿಪೇರಿ ಮಾಡಿಸಬೇಕೇ? ಎಕ್ಸ್‌ಚೇಂಜಿಗೆ ಕೊಡುವುದಾದರೆ ದೊಡ್ಡ ರಿಪೇರಿ ಯಾವುದೂ ಬೇಡ. ಡೀಲರಿಗೆ ಬಿಡಿಭಾಗವೂ ಕೆಲಸದ ಕೂಲಿಯೂ ನಿನಗಿಂತ ಅಗ್ಗ. ನೀನು 5 ಕೊಟ್ಟು ಮಾಡಿಸಿದ್ದನ್ನು ಅವನು 3ರಲ್ಲಿ ಮಾಡಿಸುತ್ತಾನೆ, ಅಷ್ಟೇ ಮುರಿದುಕೊಳ್ಳುತ್ತಾನೆ. ನೇರವಾಗಿ ಮಾರುವುದಾದರೆ ಕಣ್ಣಿಗೆ, ಮೂಗಿಗೆ ತಾಗುವ ಅಗ್ಗದ ಕೆಲಸಗಳನ್ನು ಮಾಡಿಸು: ಸುಟ್ಟ ಬಲ್ಬು, ಹರಿದ ವೈಪರ್ ಬ್ಲೇಡು, ಹಳದಿಯಾದ ಹೆಡ್‌ಲೈಟ್ ಪಾಲಿಶ್, ಏಸಿಯ ಕ್ಯಾಬಿನ್ ಫಿಲ್ಟರ್, ಬಣ್ಣ ಕೆಡದ ಸಣ್ಣ ಡೆಂಟು. ಸರ್ವಿಸ್ ಬಿಲ್ಲುಗಳನ್ನೆಲ್ಲ ದಿನಾಂಕದ ಪ್ರಕಾರ ಜೋಡಿಸಿಡು. ಎರಡನೇ ಕೀಲಿ ಹುಡುಕಿಡು. ಈಗಿನ ಚಿಪ್ ಇರುವ ಕೀಲಿ ಮಾಡಿಸುವುದು ದುಬಾರಿ, ಅದಿಲ್ಲ ಎಂದ ಕೂಡಲೇ ಬೆಲೆ ಇಳಿಸುತ್ತಾರೆ.

ಟೈಮಿಂಗ್ ಬೆಲ್ಟ್ ಬದಲಿಸುವ ಅವಧಿ ಹತ್ತಿರ ಬಂದಿದ್ದರೆ, ಕ್ಲಚ್ ಜಾರುತ್ತಿದ್ದರೆ, ಗೇರ್‌ಬಾಕ್ಸ್ ಸದ್ದು ಮಾಡುತ್ತಿದ್ದರೆ, ದೊಡ್ಡ ಅಪಘಾತದ ರಿಪೇರಿ ಆಗಿದ್ದರೆ ಎಕ್ಸ್‌ಚೇಂಜೇ ವಾಸಿ ಎಂದು ನನಗನ್ನಿಸುತ್ತದೆ. ಡೀಲರ್ ಬಲ್ಲವನು, ಪರೀಕ್ಷೆ ಮಾಡಿಯೇ ಬೆಲೆ ಕಟ್ಟುತ್ತಾನೆ. ಗೊತ್ತಿಲ್ಲದ ಒಂದು ಮನೆಯವರು ಕೂಡಿಟ್ಟ ಹಣ ಕೊಟ್ಟು ಆ ತೊಂದರೆಯನ್ನು ಮನೆಗೆ ಒಯ್ಯಬಾರದು. ಯಾರಿಗೇ ಕೊಟ್ಟರೂ ನಿನಗೆ ಗೊತ್ತಿರುವ ದೋಷವನ್ನು ಬಾಯಲ್ಲಿ ಹೇಳಿ, ಮಾರಾಟದ ಕಾಗದದಲ್ಲೂ ಬರೆ. ಮುಂದೆ ತಕರಾರು ಬಂದರೆ ನಿನ್ನ ಪರವಾಗಿ ನಿಲ್ಲುವುದು ಆ ಸಾಲೇ.

ನೀನೇ ಮಾರುವುದಾದರೆ ಬಯಸಿದ ಬೆಲೆಗಿಂತ ಶೇಕಡಾ 3ರಿಂದ 5 ಹೆಚ್ಚು ಹಾಕು, ಚೌಕಾಸಿಗೆ ಅಷ್ಟು ಜಾಗ ಸಾಕು. ಓಡೋಮೀಟರ್ 50,000 ಅಥವಾ 1,00,000 ಕಿಲೋಮೀಟರ್ ದಾಟುವ ಮುಂಚೆಯೇ ಜಾಹೀರಾತು ಹಾಕು. ಹುಡುಕುವವರು ಆ ಅಂಕಿಗಳಿಗೇ ಮಿತಿ ಹಾಕಿ ಹುಡುಕುತ್ತಾರೆ, ದಾಟಿದ ಕಾರು ಅವರ ಕಣ್ಣಿಗೇ ಬೀಳುವುದಿಲ್ಲ. ಗೀರು, ಡೆಂಟುಗಳ ಫೋಟೋವನ್ನೂ ಹಾಕು, ಆಗ ಬಂದು ನೋಡಿ ಮುಖ ಸಿಂಡರಿಸಿ ಹೋಗುವವರು ಕಡಿಮೆಯಾಗುತ್ತಾರೆ. ಎರಡು ವಾರವಾದರೂ ಯಾರೂ ನೋಡಲು ಬರದಿದ್ದರೆ ಬೆಲೆ ಜಾಸ್ತಿಯಾಗಿದೆ ಎಂದು ತಿಳಿ. ನೋಡಲು ಬಂದವರಿಗೆ ತಣ್ಣಗಿರುವ ಎಂಜಿನ್ ತೋರಿಸು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಬೆಳಗಿನ ಸ್ಟಾರ್ಟಿಂಗ್ ತೊಂದರೆ ಮುಚ್ಚಿಡುತ್ತಿದ್ದೀಯ ಎಂದುಕೊಳ್ಳುತ್ತಾರೆ.

ಟೆಸ್ಟ್ ಡ್ರೈವ್ ವಿಷಯದಲ್ಲಿ ನನಗೆ ನಿಜವಾಗಿ ಆತಂಕ ಇದೆ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ. ಹಗಲಲ್ಲಿ, ಜನ ಓಡಾಡುವ ಕಡೆ ಮಾತ್ರ ಭೇಟಿ ಮಾಡು, ಜತೆಗೆ ಒಬ್ಬರು ಇರಲಿ. ಲೈಸೆನ್ಸ್ ನೋಡಿ ಅದರ ಫೋಟೊ ತೆಗೆದು ಮನೆಯವರಿಗೆ ಕಳಿಸು, ಬೇರೆಯವರು ಓಡಿಸಿದರೆ ನಿನ್ನ ವಿಮೆ ಅನ್ವಯಿಸುತ್ತದೆಯೇ ಎಂದು ಮೊದಲೇ ಕೇಳಿಟ್ಟುಕೋ. ಮೊದಲು ನೀನು ಓಡಿಸು. ಸೀಟು ಬದಲಿಸುವಾಗ ಎಂಜಿನ್ ಆರಿಸಿ ಕೀಲಿಯನ್ನು ನಿನ್ನ ಕೈಯಲ್ಲೇ ಇಟ್ಟುಕೊಂಡು ಇಳಿ, ಅತ್ತ ಹೋಗಿ ಕೂತ ಮೇಲೆ ಕೊಡು. ಹಿಂದೆ ಏನೋ ಸದ್ದು ಬರುತ್ತಿದೆ, ಇಳಿದು ನೋಡಿ ಎಂದು ನಿನ್ನನ್ನು ಇಳಿಸಿ ಕಾರು ಓಡಿಸಿಕೊಂಡು ಹೋಗುವ ಕಳ್ಳರಿದ್ದಾರೆ. ವಾಪಸು ಕೊಟ್ಟ ಕೀಲಿ ನಿನ್ನದೇ ಹೌದೇ ಎಂದು ಅಲ್ಲೇ ಒತ್ತಿ ನೋಡು.

ಹಣದ ವಿಷಯ: ನಿನ್ನ ಬ್ಯಾಂಕ್ ಖಾತೆಯನ್ನು ನೀನೇ ತೆರೆದು ನೋಡಿದಾಗ ಹಣ ಕಂಡರೆ ಮಾತ್ರ ಬಂದಿದೆ. ಮೊಬೈಲಿಗೆ ಬಂದ ಸಂದೇಶವಾಗಲಿ, ಅವರು ತೋರಿಸುವ ಸ್ಕ್ರೀನ್‌ಶಾಟ್ ಆಗಲಿ ಪುರಾವೆಯಲ್ಲ. ಡ್ರಾಫ್ಟು, ಚೆಕ್ಕು ಖಾತೆಯಲ್ಲಿ ಜಮೆಯಾದಂತೆ ಕಂಡರೂ ನಕಲಿಯಾದರೆ ಕೆಲವು ದಿನಗಳ ಮೇಲೆ ಬ್ಯಾಂಕು ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಅಂಥದ್ದು ಕೊಡುತ್ತೇವೆ ಎಂದರೆ ಅವರ ಬ್ಯಾಂಕಿಗೇ ಜತೆಯಲ್ಲಿ ಹೋಗು. ಕಾರು ನೋಡದೆಯೇ ಕೊಳ್ಳುತ್ತೇನೆ ಎನ್ನುವವರು, ಹೆಚ್ಚು ಹಣ ಬಂದಿದೆ ಉಳಿದದ್ದು ವಾಪಸು ಕಳಿಸಿ ಎನ್ನುವವರು, ಹಣ ಪಡೆಯಲು ನಿನ್ನ ಪಿನ್ ಒತ್ತಿ ಎನ್ನುವವರು, ಈ ಮೂವರ ಜತೆಗೂ ಮಾತು ಮುಂದುವರಿಸಬೇಡ.

ಕಾರು ಕೈಬಿಟ್ಟ ಮೇಲೂ ನೋಂದಣಿ ನಿನ್ನ ಹೆಸರಲ್ಲೇ ಉಳಿದರೆ ದಂಡದ ನೋಟಿಸು ನಿನಗೇ ಬರುತ್ತದೆ, ಅಪಘಾತವಾದರೆ ವಿಚಾರಣೆಗೂ ನಿನ್ನನ್ನೇ ಕರೆಯಬಹುದು. ಎಕ್ಸ್‌ಚೇಂಜಿನಲ್ಲಿ ಈ ಚಿಂತೆ ಇಲ್ಲ ಎಂದು ತುಂಬ ಜನ ತಿಳಿದಿದ್ದಾರೆ. ಅದು ತಪ್ಪು. ಮುಂದಿನ ಗಿರಾಕಿ ಸಿಗುವ ತನಕ ಹೆಸರು ಬದಲಿಸದೆ ಇಟ್ಟುಕೊಳ್ಳುವ ಡೀಲರುಗಳಿದ್ದಾರೆ. ಆದ್ದರಿಂದ ಯಾರಿಗೆ ಕೊಟ್ಟರೂ ದಿನಾಂಕ, ಗಂಟೆ, ಓಡೋಮೀಟರ್ ಅಂಕಿ, 17 ಅಕ್ಷರ-ಅಂಕಿಗಳ ಚಾಸಿ ಸಂಖ್ಯೆ, ಮೊತ್ತ ಬರೆದು ಇಬ್ಬರೂ ಸಹಿ ಮಾಡಿದ ರಸೀದಿ ಬೇಕು, ಅವರ ಗುರುತಿನ ಚೀಟಿಯ ಪ್ರತಿಯೂ ಬೇಕು. ನೋಂದಣಿ ಕಚೇರಿಗೆ ಮಾರಿದ ವಿಷಯ ನೀನೇ ತಿಳಿಸು, ಸ್ವೀಕೃತಿ ಇಟ್ಟುಕೋ. ವಿಮೆಯನ್ನು ಹೆಸರು ಬದಲಾದ ಮೇಲೆ ನಿಲ್ಲಿಸು, ಕ್ಲೇಮು ಮಾಡದ ವರ್ಷಗಳ ರಿಯಾಯಿತಿ ಇದ್ದರೆ ಅದನ್ನು ಹೊಸ ಕಾರಿಗೆ ವರ್ಗಾಯಿಸಲು ಪತ್ರ ಕೇಳು. ಟೋಲ್ ಟ್ಯಾಗ್ ಕಿತ್ತು ರದ್ದು ಮಾಡಿಸು. ಕಾರಿನ ಪರದೆಯಲ್ಲಿ ಉಳಿದಿರುವ ಮನೆ ವಿಳಾಸ, ಫೋನ್ ನಂಬರುಗಳನ್ನು ಅಳಿಸು. ಮೊಬೈಲ್ ಆ್ಯಪಿನಿಂದ ಬಾಗಿಲು ತೆರೆಯುವ ಕಾರಾದರೆ ನಿನ್ನ ಖಾತೆಯಿಂದ ಅದನ್ನು ಬಿಡಿಸು.

ನೇರ ಮಾರಾಟ, ಎಕ್ಸ್‌ಚೇಂಜ್ ಎರಡೇ ದಾರಿ ಅಂದುಕೊಳ್ಳಬೇಡ. ನೀನು ಹೊಸದು ಕೊಳ್ಳದಿದ್ದರೂ ನಿನ್ನ ಹಳೇ ಕಾರನ್ನು ಕೊಳ್ಳುವ ಸೆಕೆಂಡ್ ಹ್ಯಾಂಡ್ ವ್ಯಾಪಾರಿಗಳಿದ್ದಾರೆ. ಅವರ ಬೆಲೆ ಸಾಮಾನ್ಯವಾಗಿ ಎರಡರ ನಡುವೆ ಎಲ್ಲೋ ಇರುತ್ತದೆ, ಷೋರೂಮಿನಲ್ಲಿ ಮಾತಾಡಲು ಒಳ್ಳೆ ಆಧಾರವೂ ಆಗುತ್ತದೆ. ಹಾಗಾಗಿ ಮೊದಲು ಕಾರು ತೊಳೆಸಿ, ಒಂದೇ ದಿನ ಅಂಥ ಇಬ್ಬರ ಹತ್ತಿರ ಹೋಗು, ಆಮೇಲೆ ಷೋರೂಮಿಗೆ ಹೋಗು. ಬೆಲೆಯನ್ನು ಕಾಗದದಲ್ಲಿ ಬರೆಸಿಕೋ, ಅದು ಎಷ್ಟು ದಿನ ಊರ್ಜಿತ ಎಂಬುದನ್ನೂ ಬರೆಸಿಕೋ. ಅದೇ ಮಾದರಿ, ಅದೇ ವರ್ಷ, ಹತ್ತಿರಹತ್ತಿರ ಅಷ್ಟೇ ಕಿಲೋಮೀಟರ್ ಓಡಿದ ಕಾರುಗಳನ್ನು ಜನ ಎಷ್ಟಕ್ಕೆ ಜಾಹೀರಾತಿಗೆ ಹಾಕಿದ್ದಾರೆ ಎಂದೂ ನೋಡು. ಅದು ಕೇಳುವ ಬೆಲೆ, ಕೈಗೆ ಬರುವುದು ಅದಕ್ಕಿಂತ ಕಡಿಮೆ.

ಆ ಮೂರು ಕಾಗದದ ಜತೆಗೆ ಸಾಲದ ಬಾಕಿ ಪತ್ರದ ಫೋಟೊ ತೆಗೆದು ನನಗೆ ಕಳಿಸು. ಅಲ್ಲಿಯ ತನಕ ಹೊಸ ಕಾರಿಗೆ ಮುಂಗಡ ಕೊಡಬೇಡ.

ಆಶೀರ್ವಾದಗಳೊಂದಿಗೆ,
ಅಮ್ಮ