ಆಟ ಅಂದರೆ ಯಾವ ಆಟ?

ಈ ಸಲದ ಸಂಪಾದಕೀಯ ಕಾರವಾರದಿಂದ. ಕೋಡಿಬಾಗದ ತವರು ಮನೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ರಜೆ ಮುಗಿಯಲು ಇನ್ನೂ ಹತ್ತು ದಿನ ಇದೆ, ಆದರೆ ಮೆಲ್ಬರ್ನಿನ ನಮ್ಮ ಸಂಘದ ಸುದ್ದಿಪತ್ರ ಅಷ್ಟು ದಿನ ಕಾಯುವುದಿಲ್ಲ.

ಹೋದ ಸಂಚಿಕೆಯಲ್ಲಿ ನಮ್ಮ ಮಕ್ಕಳ ಪಂದ್ಯದ ಸುದ್ದಿಗೆ 'ಸಾಕರ್' ಎಂದು ತಲೆಬರಹ ಕೊಟ್ಟಿದ್ದೆ. ಪತ್ರಗಳು ಬಂದವು, ಸಾಕಷ್ಟು ಬಿಸಿಯಾಗಿಯೇ ಬಂದವು. ಜಗತ್ತೆಲ್ಲ ಫುಟ್ಬಾಲ್ ಅನ್ನುವಾಗ ನಾವು ಯಾಕೆ ಅಮೆರಿಕದವರ ಪದ ಹಿಡಿದುಕೊಳ್ಳಬೇಕು ಎಂದು ಒಬ್ಬರು ಕೇಳಿದ್ದಾರೆ. ಮೆಲ್ಬರ್ನಿಗೆ ಬಂದು ಇಪ್ಪತ್ತು ವರ್ಷ ಆದ ಇನ್ನೊಬ್ಬರು, ಇಲ್ಲಿ ಫುಟ್ಬಾಲ್ ಅಂದರೆ ಎಂಸಿಜಿಯಲ್ಲಿ, ಅಂದರೆ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ, ಆಡುವುದು ಮಾತ್ರ, ಆ ಹೆಸರನ್ನು ಬೇರೆ ಆಟಕ್ಕೆ ಕೊಡಬೇಡಿ ಎಂದಿದ್ದಾರೆ. ಹಿರಿಯರೊಬ್ಬರು ಎರಡೂ ಬೇಡ, 'ಕಾಲ್ಚೆಂಡು' ಎಂದು ಬರೆಯಿರಿ ಎಂದು ಸಲಹೆ ಕೊಟ್ಟಿದ್ದಾರೆ. ಉತ್ತರ ಕೊಡೋಣ ಅಂತ ವಾರದಿಂದ ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಇದೇ ಜಗಳ ನಮ್ಮ ಮನೆಯೊಳಗೇ ಬಂತು.

ನನ್ನ ಮಗನಿಗೆ ಹನ್ನೊಂದು ವರ್ಷ. ಹುಟ್ಟಿದ್ದು ಮೆಲ್ಬರ್ನಿನಲ್ಲಿ, ಐದು ವರ್ಷದಿಂದ ಫೂಟಿ ಆಡುತ್ತಾನೆ, ಅದೇ ಎಂಸಿಜಿಯಲ್ಲಿ ಆಡುವ, ಮೊಟ್ಟೆಯಾಕಾರದ ಚೆಂಡಿನ ಆಟ. ಸೀಸನ್ ಮುಗಿದಾಗ ಅವನ ತಂಡದ ಮಕ್ಕಳೆಲ್ಲ ಒಂದು ಕೆಂಪು ಚೆಂಡಿನ ಮೇಲೆ ಕಪ್ಪು ಪೆನ್ನಿನಲ್ಲಿ ಹೆಸರು ಬರೆದು ಕೊಟ್ಟಿದ್ದರು. ಆ ಚೆಂಡಿನ ಗಾಳಿ ತೆಗೆದು, ಮಡಚಿ, ನನ್ನ ಸೀರೆಗಳ ನಡುವೆ ಇಟ್ಟು ಇಲ್ಲಿಗೆ ತಂದಿದ್ದಾನೆ. ಬಂದ ಮರುದಿನವೇ ನನ್ನ ಅಣ್ಣನ ಮಗ ತನ್ನ ಪಂಪಿನಿಂದ ಅದಕ್ಕೆ ಗಾಳಿ ಹಾಕಿಕೊಟ್ಟ. ಅವನ ಚೆಂಡಿಗೆ ಹಾಕುವ ಪಿನ್ನೇ ಇದಕ್ಕೂ ಸರಿಯಾಗಿ ಕೂತಿತು.

ಸಂಜೆ ಇಳಿತದ ಹೊತ್ತು. ನಮ್ಮ ಕಡಲ ತೀರದಲ್ಲಿ ಒದ್ದೆ ಮರಳು ಗಟ್ಟಿಯಾಗಿ, ಸಿಮೆಂಟು ಹಾಕಿದ ಹಾಗೆ ಆಗುತ್ತದಲ್ಲ, ಆಗ ಹುಡುಗರೆಲ್ಲ ಇಳಿಯುತ್ತಾರೆ. ಚಪ್ಪಲಿ ಇಟ್ಟು ಗೋಲು ಮಾಡಿದ್ದರು. "ಬಾರೋ, ಫುಟ್ಬಾಲ್ ಆಡುವ" ಅಂತ ಅಣ್ಣನ ಮಗ ಕರೆದ. ನನ್ನ ಮಗ ಖುಷಿಯಿಂದ ತನ್ನ ಕೆಂಪು ಚೆಂಡು ಹಿಡಿದುಕೊಂಡು ಓಡಿದ. ಎರಡೂ ಕೈಯಲ್ಲಿ ಹಿಡಿದು, ಕಾಲಿನ ಮೇಲೆ ಬಿಟ್ಟು, ಒಂದು ಒದೆ ಕೊಟ್ಟ. ಚೆಂಡು ಹಿಮ್ಮುಖ ಸುತ್ತುತ್ತ ಎತ್ತರಕ್ಕೆ ಹೋಯಿತು. ಕೆಳಗೆ ಏಳು ಹುಡುಗರು ಕಾಲು ಮುಂದೆ ಮಾಡಿ ಕಾಯುತ್ತ ನಿಂತಿದ್ದರು. ಅದು ಮರಳಿಗೆ ಬಿದ್ದು, ಎಲ್ಲರೂ ಒಂದು ಕಡೆ ನೋಡಿದರೆ ಇನ್ನೊಂದು ಕಡೆ ಹಾರಿ, ಸೀದಾ ನೀರಿಗೆ ಹೋಯಿತು.

"ಎಂತದಾ ಇದು? ಸುಲಿಯದ ತೆಂಗಿನಕಾಯಿ ಇದ್ದ ಹಾಗೆ ಇದೆ" ಅಂದ ಒಬ್ಬ.

"ಇದು ಫುಟ್ಬಾಲ್" ಅಂದ ನನ್ನ ಮಗ.

"ಫುಟ್ಬಾಲ್ ಅಲ್ಲ. ಕೈಯಲ್ಲಿ ಹಿಡಿಯುವುದಾದರೆ ಎಂತಕ್ಕೆ ಫುಟ್ಬಾಲ್?" ಅಂದ ಅಣ್ಣನ ಮಗ. ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಆದರೆ ನನ್ನ ಮಗ ಚೆಂಡು ತೊಳೆದುಕೊಂಡು, ಮಸುಕಾದ ಹೆಸರುಗಳನ್ನು ಬೆರಳಿನಿಂದ ಒರೆಸಿಕೊಂಡು, ದೂರ ಹೋಗಿ ಕೂತ. ಐದು ವರ್ಷ ಪ್ರೀತಿಯಿಂದ ಆಡಿದ ಆಟಕ್ಕೆ ಹೆಸರೇ ಇಲ್ಲ ಅಂದರೆ ಹೇಗಾಗುತ್ತದೆ, ಅಲ್ವಾ?

ಅಣ್ಣನ ಮಗ ಕೇಳಿದ ಪ್ರಶ್ನೆಯನ್ನು ನಮ್ಮ ಓದುಗರಲ್ಲೂ ಸುಮಾರು ಜನ ಕೇಳುತ್ತಾರೆ. ಹಾಗಾಗಿ ಸ್ವಲ್ಪ ನಿಂತು ಉತ್ತರ ಹೇಳುತ್ತೇನೆ. ಫೂಟಿಯಲ್ಲಿ ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಹಿಡಿದು ಓಡಬಹುದು, ಆದರೆ ಹದಿನೈದು ಮೀಟರಿಗೊಮ್ಮೆ ನೆಲಕ್ಕೆ ಕುಕ್ಕಬೇಕು ಇಲ್ಲವೇ ತಾಗಿಸಬೇಕು. ಕೈಯಿಂದ ಎಸೆಯುವ ಹಾಗಿಲ್ಲ, ಮುಷ್ಟಿಯಿಂದ ಹೊಡೆಯಬೇಕು. ಮುಖ್ಯವಾದದ್ದು ಇದು: ಆರು ಪಾಯಿಂಟಿನ ಗೋಲು ಆಗಬೇಕಾದರೆ ಚೆಂಡನ್ನು ಕಾಲಿನಿಂದಲೇ ಒದೆಯಬೇಕು. ಕೈಯಿಂದ ಗೋಲಿಲ್ಲ. ಹಾಗಿರುವಾಗ ಅದನ್ನು ಫುಟ್ಬಾಲ್ ಅಂದರೆ ತಪ್ಪೇನು? ವಯಸ್ಸಿನಲ್ಲೂ ಅದು ದೊಡ್ಡದು. ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಗಟ್ಟಿಯಾಗಿರಲಿ ಒಂದು ಫುಟ್ಬಾಲ್ ಕ್ಲಬ್ ಕಟ್ಟೋಣ ಎಂದು ಮೆಲ್ಬರ್ನಿನ ಕ್ರಿಕೆಟಿಗ ಟಾಮ್ ವಿಲ್ಸ್ 1858ರಲ್ಲಿ ಪತ್ರಿಕೆಗೆ ಪತ್ರ ಬರೆದರು. ಮರುವರ್ಷ, 1859ರ ಮೇ ತಿಂಗಳಲ್ಲಿ, ಮೆಲ್ಬರ್ನ್ ಕ್ಲಬ್ಬಿನವರು ನಿಯಮಗಳನ್ನು ಬರೆದಿಟ್ಟರು. ಲಂಡನ್ನಿನಲ್ಲಿ ಫುಟ್ಬಾಲ್ ಅಸೋಸಿಯೇಷನ್ ಹುಟ್ಟಿದ್ದೇ 1863ರಲ್ಲಿ. ಅಂದರೆ ನಾವು 'ನಿಜವಾದ ಫುಟ್ಬಾಲ್' ಅನ್ನುವುದಕ್ಕೆ ಲಂಡನ್ನಿನವರು ನಿಯಮ ಬರೆಯುವ ನಾಲ್ಕು ವರ್ಷ ಮೊದಲೇ ಮೆಲ್ಬರ್ನಿನವರು ತಮ್ಮ ಫುಟ್ಬಾಲ್ ಆಡುತ್ತಿದ್ದರು.

ಇನ್ನು 'ಸಾಕರ್' ಅಮೆರಿಕದವರ ಪದ ಅನ್ನುವ ಮಾತು. ಅಲ್ಲ, ಅದು ಇಂಗ್ಲೆಂಡಿನದೇ ಪದ. ಆ ಕಾಲದಲ್ಲಿ ಅಲ್ಲಿ ರಗ್ಬಿಯೂ ಫುಟ್ಬಾಲೇ, ಇದೂ ಫುಟ್ಬಾಲೇ. ಬೇರೆ ಮಾಡಿ ಹೇಳಲು ಅದನ್ನು ರಗ್ಬಿ ಫುಟ್ಬಾಲ್, ಇದನ್ನು ಅಸೋಸಿಯೇಷನ್ ಫುಟ್ಬಾಲ್ ಅನ್ನುತ್ತಿದ್ದರು. ಆಕ್ಸ್‌ಫರ್ಡಿನ ಹುಡುಗರು ಎಲ್ಲ ಪದವನ್ನೂ ಮೊಟಕು ಮಾಡಿ ಬಾಲ ಅಂಟಿಸುತ್ತಿದ್ದರು. ರಗ್ಬಿ 'ರಗ್ಗರ್' ಆಯಿತು, ಅಸೋಸಿಯೇಷನ್ನಿನ ನಡುವಿನ ತುಂಡು 'ಸಾಕರ್' ಆಯಿತು. ಲಂಡನ್ನಿನಲ್ಲಿ 1960ರಲ್ಲಿ ಶುರುವಾದ ಆಟದ ಮಾಸಿಕದ ಹೆಸರು 'ವರ್ಲ್ಡ್ ಸಾಕರ್'. ಹಾಗಾಗಿ ದಯವಿಟ್ಟು ಈ ಪದವನ್ನು ಬೈಗುಳದ ಹಾಗೆ ನೋಡಬೇಡಿ. ಅದು ಮನೆಮಂದಿ ಕರೆಯುವ ಮುದ್ದಿನ ಹೆಸರಿನ ಹಾಗೆ ಹುಟ್ಟಿದ್ದು.

ಆದರೆ ಆಸ್ಟ್ರೇಲಿಯಾದಲ್ಲಿ ಆ ಹೆಸರಿಗೆ ಬೇರೆ ಭಾರ ಸೇರಿಕೊಂಡಿತು. ಇದನ್ನು ನಾವು, ಹೊರಗಿನಿಂದ ಬಂದವರು, ತಿಳಿದುಕೊಳ್ಳಲೇಬೇಕು. ಎರಡನೇ ಮಹಾಯುದ್ಧದ ನಂತರ ಗ್ರೀಸ್, ಇಟಲಿ, ಕ್ರೊಯೇಷಿಯಾ ಕಡೆಯಿಂದ ಬಂದವರು ಅಲ್ಲಿ ತಮ್ಮ ತಮ್ಮ ಕ್ಲಬ್ ಕಟ್ಟಿದರು. ಕ್ಲಬ್ ಅಂದರೆ ಅವರಿಗೆ ಬರೀ ಆಟ ಅಲ್ಲ, ತಾಯ್ನುಡಿ ಮಾತಾಡಲು ಸಿಗುವ ಜಾಗ. ನಮ್ಮ ಸಂಘದ ಹಾಗೆಯೇ. ಸಾಕರ್ ಅಂದರೆ ವಲಸೆ ಬಂದವರ ಆಟ ಎಂದು ಬಹಳ ಜನ ಮೂಗು ಮುರಿದರು. ಹೆಲ್ಲಾಸ್ (ಅಂದರೆ ಗ್ರೀಸ್), ಕ್ರೊಯೇಷಿಯಾ ಎಂದು ಊರಿನ ನೆನಪು ಇಟ್ಟುಕೊಂಡಿದ್ದ ಹೆಸರುಗಳನ್ನು ಕ್ಲಬ್ಬುಗಳು 1990ರ ದಶಕದಲ್ಲಿ ಬಿಡಬೇಕಾಯಿತು. ಆಮೇಲೆ ಅಲ್ಲಿಯ ಆಡಳಿತ ಸಂಸ್ಥೆಯೇ ಸಾಕರ್ ಬಿಟ್ಟು ಫುಟ್ಬಾಲ್ ಎಂದು ಹೆಸರು ಬದಲಿಸಿಕೊಂಡಿತು. ಆ ಆಟವನ್ನು ಪ್ರೀತಿಸುವವರು ಇವತ್ತಿಗೂ 'ಫುಟ್ಬಾಲ್ ಅನ್ನಿ' ಎಂದು ಹಟ ಹಿಡಿಯುವುದು ಸುಮ್ನೆ ಅಲ್ಲ. ಅದರ ಹಿಂದೆ ನೋವಿದೆ. ಆದರೂ ಅವರ ರಾಷ್ಟ್ರೀಯ ಪುರುಷರ ತಂಡ ಈಗಲೂ ಸಾಕರೂಸ್. ಆ ಹೆಸರಿನ ಮೇಲೂ ಅವರಿಗೆ ಪ್ರೀತಿ ಇದೆ, ಬಿಟ್ಟಿಲ್ಲ.

ಸಿಡ್ನಿ, ಬ್ರಿಸ್ಬೇನಿಗೆ ಹೋದರೆ ಕಥೆ ಮತ್ತೆ ಬೇರೆ. ಅಲ್ಲಿ ಫೂಟಿ ಅಂದರೆ ರಗ್ಬಿ ಲೀಗ್, ತಂಡಕ್ಕೆ ಹದಿಮೂರು ಜನ. ಮೆಲ್ಬರ್ನಿನ ಫೂಟಿಗೆ ಹದಿನೆಂಟು. ಈ ಎರಡು ಸೀಮೆಗಳ ನಡುವಿನ ಗಡಿಗೆ ಇತಿಹಾಸಕಾರ ಇಯಾನ್ ಟರ್ನರ್ 1978ರಲ್ಲಿ 'ಬರಾಸಿ ಗೆರೆ' ಎಂದು ಹೆಸರಿಟ್ಟರು. ರಾನ್ ಬರಾಸಿ ಮೆಲ್ಬರ್ನಿನ ದೊಡ್ಡ ಫೂಟಿ ಆಟಗಾರರಾಗಿದ್ದರು.

ನಮ್ಮ ಉತ್ತರ ಕನ್ನಡದವರಿಗೆ ಇದೆಲ್ಲ ಹೊಸತಲ್ಲ. ಹೊನ್ನಾವರದಲ್ಲೋ ಕುಮಟಾದಲ್ಲೋ "ಇವತ್ತು ರಾತ್ರಿ ಆಟ ಇದೆ" ಅಂದರೆ ಯಾವ ಆಟ ಅಂತ ಯಾರೂ ಕೇಳುವುದಿಲ್ಲ. ಯಕ್ಷಗಾನ. ಶಿರಸಿಯಲ್ಲೂ ಅಷ್ಟೆ. ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರ ದಾಟಿ, ಧಾರವಾಡದ ಕಡೆಯ ಹಳ್ಳಿಗೆ ಹೋದರೆ ಅಲ್ಲಿ ದೊಡ್ಡಾಟ, ಸಣ್ಣಾಟ. ಕರಾವಳಿಯಲ್ಲೇ ದಕ್ಷಿಣಕ್ಕೆ ಹೋದರೆ ಯಕ್ಷಗಾನದ ಯಾವ ಶೈಲಿ, ಬಡಗೋ ತೆಂಕೋ ಎಂದು ಕೇಳುತ್ತಾರೆ. ನನ್ನ ಅಪ್ಪನಿಗೆ ಆಟ ಅಂದರೆ ನಮ್ಮ ಜಿಲ್ಲೆಯ ಬಡಾಬಡಗು ಶೈಲಿಯದೇ, ಬೇರೆಯದಕ್ಕೆ ಹೆಸರು ಸೇರಿಸಿ ಹೇಳುತ್ತಾರೆ. ಅದಕ್ಕೆ ಉಡುಪಿಯವರು ಯಾರೂ ಸಿಟ್ಟಾಗಿಲ್ಲ.

ಆದರೆ ತಪ್ಪು ಹೆಸರಿನಿಂದ ಆಗುವ ಬೇಜಾರೂ ನಮಗೆ ಗೊತ್ತು. ಉತ್ತರ ಕನ್ನಡ ಅಂದ ತಕ್ಷಣ "ಓ, ಉತ್ತರ ಕರ್ನಾಟಕನಾ, ಜೋಳದ ರೊಟ್ಟಿ ಊರು" ಅನ್ನುತ್ತಾರೆ. ಮೆಲ್ಬರ್ನಿನಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಜೋಳದ ರೊಟ್ಟಿ ನನಗೂ ಇಷ್ಟವೇ, ಆದರೆ ನಾನು ಗಂಜಿ, ಮೀನು ಸಾರು ಉಂಡು ಬೆಳೆದವಳು. ಅದಕ್ಕಾಗಿ ನಾನು ಮೊದಲು 'ಕಾರವಾರ' ಅನ್ನುತ್ತೇನೆ, ಆಮೇಲೆ ಜಿಲ್ಲೆ. ಎದುರಿಗಿರುವವರು ಘಟ್ಟದವರೋ ಬೆಂಗಳೂರಿನವರೋ ನೋಡಿಕೊಂಡು ಒಂದು ಪದ ಜಾಸ್ತಿ ಹೇಳಿದರೆ ಮಾತು ಸರಿಯಾಗಿ ತಲುಪುತ್ತದೆ.

ಸುದ್ದಿಪತ್ರಕ್ಕೂ ಇದನ್ನೇ ಮಾಡೋಣ ಅಂದುಕೊಂಡಿದ್ದೇನೆ. ಕನ್ನಡದಲ್ಲಿ ಬರೀ 'ಫುಟ್ಬಾಲ್' ಅಂದರೆ ದುಂಡು ಚೆಂಡಿನ ಆಟವೇ. ಬೆಂಗಳೂರಿನಿಂದ ಕಾರವಾರದವರೆಗೆ ಎಲ್ಲರಿಗೂ ಹಾಗೇ ಅರ್ಥವಾಗುತ್ತದೆ, ಅದನ್ನು ಬದಲಿಸುವುದಿಲ್ಲ. ಎಂಸಿಜಿಯ ಆಟಕ್ಕೆ 'ಫೂಟಿ' ಎಂದು ಬರೆಯುತ್ತೇವೆ, ಯಾಕೆಂದರೆ ನಮ್ಮ ಮಕ್ಕಳು ಅದನ್ನು ಹಾಗೇ ಕರೆಯುವುದು. ಸಿಡ್ನಿಯ ಗೆಳೆಯರ ಬರಹದಲ್ಲಿ ಫೂಟಿ ಅಂತ ಬಂದರೆ ಪಕ್ಕದಲ್ಲಿ ರಗ್ಬಿ ಲೀಗ್ ಎಂದು ಸೇರಿಸುತ್ತೇವೆ. ಯಾರಾದರೂ ತಮ್ಮ ಲೇಖನದಲ್ಲಿ ಸಾಕರ್ ಎಂದು ಬರೆದರೆ ತಿದ್ದುವುದಿಲ್ಲ, ತಿದ್ದಿ ಎಂದು ಯಾರೂ ಪತ್ರ ಬರೆಯುವುದೂ ಬೇಡ. ಹೋದ ಸಲದ ತಲೆಬರಹ ಮಾತ್ರ ನಮ್ಮದೇ ಆಯ್ಕೆ, ಅದು ಫುಟ್ಬಾಲ್ ಎಂದೇ ಇರಬೇಕಿತ್ತು. 'ಕಾಲ್ಚೆಂಡು' ಒಳ್ಳೆಯ ಪದ, ಓದಿದ ತಕ್ಷಣ ಅರ್ಥವಾಗುತ್ತದೆ, ಅದನ್ನು ಮಕ್ಕಳ ಪುಟದಲ್ಲಿ ಬಳಸುತ್ತೇವೆ. ಆದರೆ ಇಷ್ಟು ವರ್ಷದಲ್ಲಿ ಕಾರವಾರದ ಮರಳಿನ ಮೇಲೆ "ಬಾ, ಕಾಲ್ಚೆಂಡು ಆಡುವ" ಅಂದ ಒಬ್ಬ ಹುಡುಗನನ್ನೂ ನಾನು ನೋಡಿಲ್ಲ.

ಹುಡುಗರ ವಿಷಯಕ್ಕೆ ಬರುತ್ತೇನೆ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಇಬ್ಬರೂ ಮಾತಿಲ್ಲ. ಅಪ್ಪ ನೋಡಿದರು. ನನ್ನ ಮಗನ ಕಡೆ ತಿರುಗಿ, "1956ರಲ್ಲಿ ನಿನ್ನ ಮೆಲ್ಬರ್ನಿಗೇ ಬಂದು ನಾವು ಫುಟ್ಬಾಲಿನಲ್ಲಿ ನಿಮ್ಮವರನ್ನು ಸೋಲಿಸಿದ್ದೆವು, ಗೊತ್ತುಂಟಾ?" ಅಂದರು. ಮಗ ತಲೆ ಎತ್ತಿ "ಯಾವ ಫುಟ್ಬಾಲ್, ಅಜ್ಜ?" ಅಂದ.

ಅಪ್ಪ ನಕ್ಕು ಪೂರ್ತಿ ಕಥೆ ಹೇಳಿದರು. ಅಪ್ಪ ಆಗ ಹತ್ತು ವರ್ಷದ ಹುಡುಗ. ಅಲ್ಲಿಯವರೆಗೆ ಮುಂಬಯಿಗೆ ಸೇರಿದ್ದ ನಮ್ಮ ಜಿಲ್ಲೆ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಬಂತು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಒಲಿಂಪಿಕ್ಸ್‌ನಲ್ಲಿ ಭಾರತ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿತು. ಮೂರು ಗೋಲು ನೆವಿಲ್ ಡಿಸೋಜಾ ಅವರದು. ಗೋವಾದವರು, ಅಂದರೆ ಕಾಳಿ ನದಿ ದಾಟಿ, ಮಾಜಾಳಿ ದಾಟಿದರೆ ಸಿಗುವ ನಮ್ಮ ನೆರೆಯವರು. ಭಾರತ ನಾಲ್ಕನೇ ಸ್ಥಾನಕ್ಕೆ ಬಂತು. ಅದೇ ಒಲಿಂಪಿಕ್ಸ್‌ನಲ್ಲಿ ಎಂಸಿಜಿಯಲ್ಲಿ ಫೂಟಿಯ ಪ್ರದರ್ಶನ ಪಂದ್ಯವೂ ನಡೆದಿತ್ತು ಎಂದು ನಾನು ಸೇರಿಸಿದೆ. ಅದು ಅಪ್ಪನಿಗೂ ಗೊತ್ತಿರಲಿಲ್ಲ. ಅಣ್ಣನ ಮಗ ಊಟ ನಿಲ್ಲಿಸಿ ಕೇಳುತ್ತಿದ್ದ. "ಹಾಗಾದರೆ ಅದೂ ಒಲಿಂಪಿಕ್ಸ್‌ನಲ್ಲಿ ಇತ್ತಾ?" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಅಡ್ಡಿಲ್ಲ, ನಾಳೆ ಆ ಒದೆ ಹೇಗೆ ಕೊಡುವುದು ಅಂತ ತೋರಿಸು" ಅಂದ.

ಆಮೇಲಿನ ನಾಲ್ಕು ಸಂಜೆ ಮೊದಲು ಫುಟ್ಬಾಲ್, ಕತ್ತಲಾಗುವ ಮುಂಚೆ ಅರ್ಧ ಗಂಟೆ ಫೂಟಿ. ಎರಡಕ್ಕೂ ಅವೇ ಚಪ್ಪಲಿ, ಫೂಟಿಗೆ ಮಾತ್ರ ಇನ್ನೆರಡು ಜಾಸ್ತಿ, ಯಾಕೆಂದರೆ ಅಲ್ಲಿ ಗೋಲಿಗೆ ನಾಲ್ಕು ಕಂಬ. ಚೆಂಡಿನ ಮೇಲಿನ ಹೆಸರುಗಳು ಉಪ್ಪು ನೀರಿಗೆ ಹೋಗಿಯೇ ಬಿಟ್ಟವು. ಮಗನಿಗೆ ಬೇಜಾರಾಗುತ್ತದೇನೋ ಅಂದುಕೊಂಡಿದ್ದೆ. ಅವನು ನಿನ್ನೆ ಪೆನ್ನು ತಂದು ಈ ಹುಡುಗರ ಕೈಗೆ ಕೊಟ್ಟ. ಇವರು ಕನ್ನಡದಲ್ಲಿ ಬರೆದಿದ್ದಾರೆ.

ಇವತ್ತು ಇಳಿತ ಸ್ವಲ್ಪ ತಡ. ಅಣ್ಣನ ಮಗ ಎರಡೂ ಚೆಂಡಿಗೆ ಗಾಳಿ ಹಾಕಿ ಬಾಗಿಲ ಬಳಿ ಇಟ್ಟುಕೊಂಡು ಕಾಯುತ್ತಿದ್ದಾನೆ.