ಗೆಳೆಯನಿಗೊಂದು ಪತ್ರ: ಅಕ್ಟೋಬರ್‌ಗೆ ಬಾ

ಪ್ರೀತಿಯ ಗೆಳೆಯಾ,

"ಹಳೇ ವೈನ್ ಅಂತ ಅಷ್ಟು ಹೊಗಳ್ತೀಯಲ್ಲ, ಅದರಲ್ಲೇನಿದೆ?" ಅಂತ ನೀನು ಕೇಳಿದ್ದೆ. ಉಳಿದವರೂ ಓದಲಿ ಅಂತ ಇಲ್ಲೇ ಉತ್ತರ ಬರೆಯುತ್ತಿದ್ದೇನೆ.

ಹೋದ ವಾರ ನಮ್ಮ ಮನೆ ಮಾಲೀಕರು 1986ರ ಪೋಯಾಕ್ ವೈನ್ ಒಂದನ್ನು ತೆರೆದರು. ನಾವಿಬ್ಬರೂ ಹುಟ್ಟಿದ ವರ್ಷದ್ದು! ಪೋಯಾಕ್ ಅಂದರೆ ಫ್ರಾನ್ಸ್‌ನ ಬೋರ್ಡೋದಿಂದ ಉತ್ತರಕ್ಕೆ, ಜಿರೋಂದ್ ಅಳಿವೆಯ ದಂಡೆಯಲ್ಲಿರುವ ಸಣ್ಣ ಊರು. ನೆಲವೆಲ್ಲ ಗರಸು ಕಲ್ಲು. ನೀರು ನಿಲ್ಲುವುದಿಲ್ಲ, ಬಿಸಿಲಿನ ಕಾವು ಉಳಿಯುತ್ತದೆ. ತಡವಾಗಿ ಹಣ್ಣಾಗುವ ಕ್ಯಾಬರ್ನೆ ಸೊವಿನ್ಯೋನ್ ದ್ರಾಕ್ಷಿಗೆ ಬೇಕಾದದ್ದೂ ಅದೇ.

1986ರ ವೈನ್‌ಗಳು ಈ ಸೀಮೆಯಲ್ಲಿ ಹುಟ್ಟಾ ಒಗರು. ಆ ಒಗರು ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಟ್ಯಾನಿನ್‌ನದು. ವರ್ಷಗಟ್ಟಲೆ ಬಾಟಲಿಯೊಳಗೆ ಟ್ಯಾನಿನ್ ಮತ್ತು ಬಣ್ಣ ಒಂದಕ್ಕೊಂದು ಅಂಟಿಕೊಂಡು ಗಷ್ಟಾಗಿ ತಳಕ್ಕೆ ಕೂರುತ್ತವೆ. ಅದಕ್ಕೇ ಹಿಂದಿನ ದಿನವೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿದ್ದರು. ಕಾರ್ಕ್ ಮುಟ್ಟಿದರೆ ಉದುರುವಂತಿತ್ತು. ಎರಡು ತೆಳು ಅಲಗುಗಳನ್ನು ಅದರ ಪಕ್ಕದಲ್ಲಿ ತೂರಿಸಿ, ತಿರುಗಿಸುತ್ತಾ ಮೆಲ್ಲಗೆ ಎಳೆದರು. ಆಮೇಲೆ ಗಷ್ಟು ಕಾಣಲಿ ಅಂತ ಬಾಟಲಿಯ ಕುತ್ತಿಗೆ ಕೆಳಗೆ ಮೇಣದಬತ್ತಿ ಇಟ್ಟು ಬಗ್ಗಿಸಿದರು. ಗಷ್ಟಿನ ಕಪ್ಪು ಎಳೆಯೊಂದು ಕುತ್ತಿಗೆವರೆಗೆ ಬಂದಿತು, ಅವರ ಕೈ ಅಲ್ಲೇ ನಿಂತಿತು.

ಗ್ಲಾಸಿನ ಅಂಚಿನಲ್ಲಿ ಇಟ್ಟಿಗೆ ಬಣ್ಣ. ಹಣ್ಣಿನ ವಾಸನೆ ಹಿಂದೆ ಸರಿದಿತ್ತು. ದೇವದಾರು ಮರ, ತಂಬಾಕಿನ ಎಲೆ, ಚರ್ಮ, ಆಮೇಲೆ ಅಣಬೆ. ಮಳೆ ನಿಂತ ಮೇಲೆ ನಿಮ್ಮ ತೋಟದಲ್ಲಿ ತರಗೆಲೆ ಕೆದಕಿದಂತಿತ್ತು. ಒಗರು ಇತ್ತು, ಆದರೆ ಎಷ್ಟು ಮೆತ್ತಗೆ!

ಇಲ್ಲಿನವರು ಇದಕ್ಕೆ ಇದೇ ಊರಿನ ಎಳೇ ಕುರಿಮರಿಯ ಮಾಂಸ ಬಡಿಸುತ್ತಾರೆ, ಬೆಳ್ಳುಳ್ಳಿ ಬಿಟ್ಟರೆ ಹೆಚ್ಚೇನೂ ಹಾಕುವುದಿಲ್ಲ. ಹೊಸ ವೈನ್ ಆದರೆ ಜೋರು ರುಚಿ ತಡೆದುಕೊಳ್ಳುತ್ತದೆ. ಹಳೆಯದು ಮಸಾಲೆ ಜಾಸ್ತಿಯಾದರೆ ಕಳೆದೇಹೋಗುತ್ತದೆ. ಖಾರವಂತೂ ಬೇಡವೇ ಬೇಡ, ಬಾಯಲ್ಲಿ ಆಲ್ಕೋಹಾಲಿನ ಉರಿಯಷ್ಟೇ ಉಳಿಯುತ್ತದೆ. ರೋಕ್‌ಫೋರ್ ಚೀಸ್ ಕೂಡ ದೂರವೇ ಇರಲಿ, ಉಪ್ಪು, ಘಾಟು ಎರಡೂ ಜಾಸ್ತಿ. ನೀನು ಮಾಂಸ ತಿನ್ನುವುದಿಲ್ಲ ಅಲ್ವಾ? ನಿನಗೆ ಸೆಪ್ ಅಣಬೆ, ಬೆಳ್ಳುಳ್ಳಿ ಮತ್ತು ಪಾರ್ಸ್ಲಿ ಸೊಪ್ಪು ಹಾಕಿ ಹುರಿದದ್ದು. ನನ್ನ ಪ್ರಕಾರ ಕುರಿಗಿಂತ ಅದೇ ಒಳ್ಳೆಯ ಜೋಡಿ. ವೈನ್‌ನಲ್ಲಿರುವ ಅಣಬೆಯ ವಾಸನೆ ತಟ್ಟೆಯಲ್ಲೂ ಸಿಗುತ್ತದೆ.

ಹೊರಡುವಾಗ ಮಾಲೀಕರು ಅದೇ ವರ್ಷದ ಇನ್ನೊಂದು ಬಾಟಲಿ ಕೈಗಿಟ್ಟರು. "ಒಳ್ಳೆಯವರ ಜೊತೆ ಕುಡಿ" ಅಂದರು. ಇಷ್ಟು ಹಳೆಯದನ್ನು ತೆರೆದರೆ ನಾಳೆಗೆ ಇಡುವಂತಿಲ್ಲ, ಗಾಳಿ ತಾಗಿ ಬೇಗ ಸೊರಗುತ್ತದೆ. 75 ಸೆಂಟಿಲೀಟರ್ ಒಬ್ಬನಿಗೆ ಜಾಸ್ತಿ. ಯಾರನ್ನು ಕರೆಯಲಿ ಅಂತ ಯೋಚಿಸುತ್ತಾ ಕೂತೆ. ಇಷ್ಟು ವರ್ಷ ಇಲ್ಲಿದ್ದೂ ಒಂದು ಹೆಸರು ಹೊಳೆಯಲಿಲ್ಲ ಕಣೋ. ಆಫೀಸಿನಲ್ಲಿ ಜನ ಇದ್ದಾರೆ, ನಗುತ್ತೇವೆ, ಮಾತಾಡುತ್ತೇವೆ. ರಾತ್ರಿ ಊಟ ಮಾತ್ರ ಫೋನ್ ನೋಡಿಕೊಂಡು. ಅಮ್ಮ ಕೇಳಿದರೆ ಗೆಳೆಯರ ಜೊತೆ ಊಟ ಆಯ್ತು ಅನ್ನುತ್ತೇನೆ. ಇದನ್ನೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ.

ಸರಿ ಬಿಡು. ನೀನು ಅಕ್ಟೋಬರ್‌ಗೆ ಬಾ. ಆಗ ಸಂತೆಯಲ್ಲಿ ಸೆಪ್ ಅಣಬೆ ಸಿಗುತ್ತದೆ. ಚಟ್ನಿಪುಡಿ ಧಾರಾಳವಾಗಿ ತಾ, ಅದು ಮರುದಿನದ ದೋಸೆಗೆ. ವೀಸಾ ಅರ್ಜಿ ಮಾತ್ರ ಈಗಲೇ ಹಾಕು, ಕೊನೇ ಗಳಿಗೆವರೆಗೆ ಎಳೆಯಬೇಡ.

ನಿನ್ನ
ಹಿಂದಿನ ಬೆಂಚಿನವನು