ಎಚ್‌ಎಂಟಿಯ ಪೈಲಟ್, ಸೋನಾ, ಜನತಾ ಗಡಿಯಾರಗಳು ಮತ್ತೆ ತಯಾರಾಗಲಿ: ಬೃಹತ್ ಕೈಗಾರಿಕೆ ಸಚಿವರಿಗೆ ಒಂದು ಬಹಿರಂಗ ಪತ್ರ

ಕೇಂದ್ರ ಬೃಹತ್ ಕೈಗಾರಿಕೆ ಮತ್ತು ಉಕ್ಕು ಸಚಿವರಾದ ಮಾನ್ಯ ಶ್ರೀ ಎಚ್.ಡಿ. ಕುಮಾರಸ್ವಾಮಿಯವರಿಗೆ ನಮಸ್ಕಾರಗಳು.

ಎಚ್‌ಎಂಟಿಯ ಪುನಶ್ಚೇತನದ ಬಗ್ಗೆ ತಾವು ಸಚಿವರಾದಂದಿನಿಂದ ಮಾತನಾಡುತ್ತ ಬಂದಿದ್ದೀರಿ. ಆ ಮಾತು ಬಂದಾಗಲೆಲ್ಲ ಯಂತ್ರೋಪಕರಣ, ಜಮೀನು, ಸಾಲ, ನೌಕರರ ಬಾಕಿ ಮುಂದೆ ನಿಲ್ಲುತ್ತವೆ. ನಿಲ್ಲಲೇಬೇಕಾದ ವಿಷಯಗಳೇ ಅವು. ನಾನು ಬರೆಯುತ್ತಿರುವುದು ಅವೆಲ್ಲಕ್ಕಿಂತ ಬಹಳ ಚಿಕ್ಕ ವಸ್ತುವಿನ ಬಗ್ಗೆ: ಸುಮಾರು 35 ಮಿಲಿಮೀಟರ್ ಅಗಲದ, ದಿನಕ್ಕೊಮ್ಮೆ ಕೀಲಿ ಕೊಡಬೇಕಾದ ಎಚ್‌ಎಂಟಿ ಕೈಗಡಿಯಾರ.

ನನ್ನ ತಾಯಿ ಜಾಲಹಳ್ಳಿಯ ವಾಚ್ ಕಾರ್ಖಾನೆಯ ಜೋಡಣೆ ವಿಭಾಗದಲ್ಲಿದ್ದವರು. ಸಂಜೆ ಮನೆಗೆ ಬಂದಾಗ ಬಲಗಣ್ಣಿನ ಸುತ್ತ ಭೂತಗನ್ನಡಿ ಒತ್ತಿದ ಗುರುತು ಇನ್ನೂ ಇರುತ್ತಿತ್ತು. ಒಗ್ಗರಣೆಗೆ ತೆಗೆದ ಸಾಸಿವೆಯನ್ನು ತೋರಿಸಿ, ‘ನಾವು ಕೂರಿಸುವ ತಿರುಪು ಇದಕ್ಕಿಂತ ಸಣ್ಣದು’ ಎನ್ನುತ್ತಿದ್ದರು. ಅಂಥ ನೂರಾರು ಹೆಣ್ಣುಮಕ್ಕಳು ಸಾಲಾಗಿ ಕುಳಿತು, ಚಿಮುಟದಲ್ಲಿ ಹಿಡಿದು ಜೋಡಿಸಿದ ಗಡಿಯಾರಗಳನ್ನು ಈ ದೇಶ ಕೈಗೆ ಕಟ್ಟಿಕೊಂಡಿತು. ಎಸ್‌ಎಸ್‌ಎಲ್‌ಸಿ ಪಾಸಾದ ಮಗನಿಗೆ, ಮದುವೆಯಲ್ಲಿ ಅಳಿಯನಿಗೆ, ನಿವೃತ್ತಿಯ ದಿನ ಮೇಷ್ಟ್ರಿಗೆ ಕೊಡುತ್ತಿದ್ದುದು ಅದನ್ನೇ.

ಕಳೆದ ವರ್ಷ ನಾನು ಅಂತರ್ಜಾಲದಲ್ಲಿ ಎಚ್‌ಎಂಟಿಯ ಪೈಲಟ್ ಎಂಬ ಮಾದರಿಯ ಗಡಿಯಾರವೊಂದನ್ನು ತರಿಸಿದೆ. ‘ಹಳೆಯ ದಾಸ್ತಾನು, ಬಳಸಿಲ್ಲ’ ಎಂದು ಮಾರಾಟಗಾರ ಬರೆದಿದ್ದ. ಬಂದದ್ದು ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಡಯಲ್. ಅಮ್ಮ ಹಿಂಬದಿಯ ಮುಚ್ಚಳ ತೆಗೆಸಿ, ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದ್ದು ಒಂದೇ ಮಾತು: ‘ಯಂತ್ರ ನಮ್ಮದು, ಮುಖ ನಮ್ಮದಲ್ಲ.’

ಸಚಿವರೇ, ಈ ಪತ್ರಕ್ಕೆ ಆ ಮಾತೇ ಕಾರಣ. ಹಳೆಯ ಎಚ್‌ಎಂಟಿ ಗಡಿಯಾರಗಳನ್ನು ಬಿಚ್ಚಿ, ಸವೆದ ಡಯಲ್‌ಗೆ ಮತ್ತೆ ಬಣ್ಣ ಬಳಿದು, ಎಂದೂ ಇರದಿದ್ದ ವಿನ್ಯಾಸಗಳನ್ನು ಅಚ್ಚು ಹಾಕಿ ಮಾರುವ ದಂಧೆ ವರ್ಷಗಳಿಂದ ನಡೆಯುತ್ತಿದೆ. ಗಡಿಯಾರ ಸಂಗ್ರಹಿಸುವ ಹೊರದೇಶದ ಹವ್ಯಾಸಿಗಳು ಎಚ್‌ಎಂಟಿ ಎಂದರೆ ಇದೇ ಎಂದುಕೊಂಡಿದ್ದಾರೆ. ಪೈಲಟ್‌ನ ನಿಜವಾದ ಮುಖ ಕಪ್ಪು. ಅದರ ಮೇಲೆ ಒಂದರಿಂದ ಹನ್ನೆರಡರವರೆಗೆ ಸ್ಪಷ್ಟವಾದ ಅಂಕಿಗಳು, ಕತ್ತಲಲ್ಲಿ ಹೊಳೆಯುವ ಮುಳ್ಳುಗಳು. ಅಷ್ಟೇ. ಒಂದು ಗೆರೆ ಹೆಚ್ಚಿಲ್ಲ, ಒಂದು ಗೆರೆ ಕಡಿಮೆಯಿಲ್ಲ. ಅದನ್ನು ಮೂಲ ತಯಾರಕರೇ ಮತ್ತೆ ತಯಾರಿಸಿ ಕೊಟ್ಟರೆ ನಕಲಿಗೆ ಗಿರಾಕಿ ಎಲ್ಲಿ ಸಿಕ್ಕಾರು?

ಹಿನ್ನೆಲೆ ತಮಗೆ ಗೊತ್ತಿರುವುದೇ. 1953ರಲ್ಲಿ ಬೆಂಗಳೂರಿನಲ್ಲಿ ಯಂತ್ರೋಪಕರಣ ಕಾರ್ಖಾನೆಯಾಗಿ ಹುಟ್ಟಿದ ಸಂಸ್ಥೆ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಗಡಿಯಾರ ತಯಾರಿಕೆಗೆ ಇಳಿಯಿತು. ಮುಂದೆ ಶ್ರೀನಗರ, ತುಮಕೂರು, ರಾಣಿಬಾಗ್‌ಗಳಲ್ಲೂ ಘಟಕಗಳು ಬಂದವು. ಹತ್ತು ಕೋಟಿಗೂ ಹೆಚ್ಚು ಗಡಿಯಾರಗಳು ಹೊರಬಂದವು. ಬ್ಯಾಟರಿಯಿಂದ ಓಡುವ ಕ್ವಾರ್ಟ್ಜ್ ಗಡಿಯಾರ ಬಂತು, ಪೈಪೋಟಿ ಬಂತು, ನಷ್ಟ ಬೆಳೆಯಿತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೊಗೆ ಹೋಯಿತು. ಅಲ್ಲಿ ರಾಕೆಟ್ಟಿನ ಕೆಲಸ ನಡೆಯುವುದಕ್ಕೆ ನನ್ನ ಆಕ್ಷೇಪವೇನೂ ಇಲ್ಲ. ಎಚ್‌ಎಂಟಿ ಹೆಸರಿನಲ್ಲಿ ಈಗಲೂ ಕೈಗಡಿಯಾರಗಳು ಮಾರಾಟವಾಗುತ್ತಿವೆ ಎಂಬುದೂ ಗೊತ್ತು. ನಾನು ಕೇಳುತ್ತಿರುವುದು ಹಳೆಯ ಹೆಸರಿನ ಕೆಳಗೆ ಹಳೆಯ ವಿನ್ಯಾಸವನ್ನೇ, ಅಳತೆಗೆ ಅಳತೆ ಕೂಡುವಂತೆ ತರಬೇಕೆಂದು.

ಯಾವುವು ಬೇಕು ಎಂದು ತಾವು ಕೇಳಬಹುದು. ಪೈಲಟ್ ಆಯಿತು. ಅದರ ಜೊತೆಗೆ ಸೋನಾ ಬರಬೇಕು. ಸೆಕೆಂಡಿನ ಮುಳ್ಳೇ ಇಲ್ಲದ, ಎರಡೇ ಮುಳ್ಳಿನ, ಅಂಗಿಯ ತೋಳಿನ ಕೆಳಗೆ ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾದ ಗಡಿಯಾರ ಅದು. ಅಷ್ಟು ತೆಳುವಾದ ಯಂತ್ರವನ್ನು ನಮ್ಮ ಊರಿನವರು ಕೂರಿಸಿದ್ದರು ಎಂಬುದನ್ನು ಇಂದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದು ನೋಡಬೇಕು. ನನ್ನ ಮಟ್ಟಿಗೆ ಎಚ್‌ಎಂಟಿಯ ಅತ್ಯಂತ ಸುಂದರ ವಿನ್ಯಾಸ ಅದೇ. ಕಾಂಚನ್ ಬೇಕೆನ್ನುವವರೂ ಬಹಳ ಮಂದಿ. ಕೈಯ ಚಲನೆಯಿಂದಲೇ ಕೀಲಿಯಾಗುವ, ವಾರ ಮತ್ತು ತಾರೀಕು ತೋರಿಸುವ, ಅಗಲ ಭುಜದ ಆ ಹೊಂಬಣ್ಣದ ಗಡಿಯಾರಕ್ಕಾಗಿ ಮದುವೆ ಮನೆಗಳಲ್ಲಿ ಮುನಿಸುಗಳೇ ನಡೆದಿವೆ.

ಜನತಾ ಮಾತ್ರ ಬೇರೆಯೇ ಸಂಗತಿ. ಹೆಸರಿಗೆ ತಕ್ಕಂತೆ ಎಲ್ಲರದೂ ಆಗಿತ್ತು. ದೇವನಾಗರಿ ಅಂಕಿಗಳ ಜನತಾಗಾಗಿ ಇಂದು ಹವ್ಯಾಸಿಗಳು ಹುಡುಕಾಡುತ್ತಾರೆ. ಅದು ಮರಳಿ ಬರಲಿ. ಬರುವಾಗ ಕನ್ನಡ ಅಂಕಿಗಳ, ಕೀಲಿ ಕೊಡುವ ಜನತಾ ಕೂಡ ಅದರ ಪಕ್ಕದಲ್ಲಿ ನಿಲ್ಲಲಿ. ಬಿಎಂಟಿಸಿ ಬಸ್ಸಿನ ಹಲಗೆಯ ಮೇಲೆ ನಾವು ಓದುತ್ತ ಬೆಳೆದ ೧, ೨, ೩ ಕೈಯ ಮೇಲೂ ಚೆನ್ನಾಗಿಯೇ ಕಾಣುತ್ತವೆ.

ಹವ್ಯಾಸಿಗಳ ಪಟ್ಟಿಗಳಲ್ಲಿ ಅಷ್ಟಾಗಿ ಕಾಣದ ಇನ್ನೊಂದನ್ನು ಸೇರಿಸುತ್ತೇನೆ: ಬ್ರೈಲ್ ಗಡಿಯಾರ. ಗಾಜಿನ ಮುಚ್ಚಳವನ್ನು ಎತ್ತಿ, ಉಬ್ಬಿದ ಚುಕ್ಕೆಗಳನ್ನೂ ಮುಳ್ಳುಗಳನ್ನೂ ಬೆರಳಲ್ಲಿ ಮುಟ್ಟಿ ಹೊತ್ತು ತಿಳಿಯುವ ಗಡಿಯಾರ. ನಮ್ಮ ಬೀದಿಯಲ್ಲಿದ್ದ ದೃಷ್ಟಿಯಿಲ್ಲದ ಸಂಗೀತದ ಮೇಷ್ಟ್ರೊಬ್ಬರು ಪಾಠದ ನಡುವೆ ಸದ್ದಿಲ್ಲದೆ ಅದನ್ನು ತೆರೆದು ಮುಚ್ಚುತ್ತಿದ್ದುದು ನೆನಪಿದೆ. ಇಂದು ಮೊಬೈಲ್ ಗಂಟೆಯನ್ನು ಜೋರಾಗಿ ಓದಿ ಹೇಳುತ್ತದೆ ನಿಜ. ನಾಲ್ಕು ಜನರ ನಡುವೆ ಕುಳಿತಾಗ ಯಾರಿಗೂ ಕೇಳಿಸದಂತೆ ಹೊತ್ತು ತಿಳಿಯುವ ಸೌಕರ್ಯ ಅವರಿಗೂ ಬೇಡವೇ?

ಇನ್ನು ಯಂತ್ರದ ಮಾತು. ಜನತಾ, ಪೈಲಟ್‌ಗಳ ಒಳಗಿದ್ದ 0231 ಎಂಬ, 17 ಜ್ಯುವೆಲ್‌ಗಳ (ತಿರುಗುವ ಭಾಗಗಳ ಸವೆತ ತಡೆಯುವ ಪುಟ್ಟ ಹರಳುಗಳ) ಯಂತ್ರ ಸೆಕೆಂಡಿಗೆ ಐದು ಬಾರಿ ಮಿಡಿಯುತ್ತದೆ. ಎಣ್ಣೆ ಹಾಕಿಸಿಕೊಂಡಿದ್ದರೆ ನಲವತ್ತು ವರ್ಷದ ಹಳೆಯದೂ ಇಂದು ಓಡುತ್ತದೆ. ಅದನ್ನು ಹೊಸದಾಗಿ ತಯಾರಿಸುವುದು ಸುಲಭವೆಂದು ನಾನು ಹೇಳುವುದಿಲ್ಲ. ಕೂದಲೆಳೆಯಂಥ ಸ್ಪ್ರಿಂಗ್‌ನಿಂದ ಹಿಡಿದು ಮಿಡಿತವನ್ನು ಹತೋಟಿಯಲ್ಲಿಡುವ ಬ್ಯಾಲೆನ್ಸ್ ಚಕ್ರದವರೆಗೆ ಪ್ರತಿಯೊಂದಕ್ಕೂ ಬೇರೆ ಯಂತ್ರ, ಬೇರೆ ಪರಿಣತಿ ಬೇಕು. ಆ ತಯಾರಿಕೆಯ ಸಾಲೇ ಈಗ ಕಳಚಿಹೋಗಿದೆ. ಆದ್ದರಿಂದ ಮೊದಲ ಹಂತದಲ್ಲಿ ಹೊರಗಿನಿಂದ ತಂದ ಯಂತ್ರವನ್ನು ಕೂರಿಸಿದರೂ ಅಡ್ಡಿಯಿಲ್ಲ. ಆದರೆ ಅದು ಕೀಲಿಯಿಂದ ಓಡುವ ಯಂತ್ರವಾಗಿರಬೇಕು, ಎಲ್ಲಿಯದೆಂದು ಮುಚ್ಚುಮರೆಯಿಲ್ಲದೆ ಹೇಳಬೇಕು. ಪೈಲಟ್‌ನ ಮುಖದ ಹಿಂದೆ ಬ್ಯಾಟರಿ ಇಟ್ಟು ಕೊಡುವುದಾದರೆ ದಯವಿಟ್ಟು ಬೇಡ.

ಅಗಲವನ್ನೂ ಹಿಗ್ಗಿಸಬಾರದು. ಈಗ 40 ಮಿಲಿಮೀಟರ್‌ಗೆ ಮೇಲ್ಪಟ್ಟ ಗಡಿಯಾರಗಳೇ ಅಂಗಡಿ ತುಂಬ ಇರುವುದರಿಂದ ಹಾಗೆ ಮಾಡುವ ಆಸೆ ಹುಟ್ಟುತ್ತದೆ. 2017ರಲ್ಲಿ ಟೈಮೆಕ್ಸ್ ಕಂಪನಿ 1960ರ ದಶಕದ ತನ್ನ ಮಾರ್ಲಿನ್ ಮಾದರಿಯನ್ನು ಮರಳಿ ತಂದಾಗ 34 ಮಿಲಿಮೀಟರ್ ಅಳತೆಯನ್ನೂ ಕೈಯಿಂದ ಕೀಲಿ ಕೊಡುವ ಕ್ರಮವನ್ನೂ ಉಳಿಸಿಕೊಂಡಿತು. ಜನ ಮೆಚ್ಚಿ ಕೊಂಡರು. ಸ್ವಿಟ್ಜರ್ಲೆಂಡಿನ ಟಿಸ್ಸೊ 1978ರ ವಿನ್ಯಾಸವೊಂದನ್ನು 2021ರಲ್ಲಿ ಪಿಆರ್‌ಎಕ್ಸ್ ಎಂದು ತಂದು ಹೊಸ ತಲೆಮಾರನ್ನೇ ಗೆದ್ದುಕೊಂಡಿತು. ನಮ್ಮ ಬಳಿ ಇರುವ ಆಸ್ತಿ ಅವರದಕ್ಕಿಂತ ಕಡಿಮೆಯದಲ್ಲ.

ಆದರೆ ಈ ಆಸ್ತಿ ಎಲ್ಲೆಲ್ಲಿದೆ? ಜಾಲಹಳ್ಳಿಯ ಎಚ್‌ಎಂಟಿ ಹೆರಿಟೇಜ್ ಸೆಂಟರ್‌ನಲ್ಲಿ ಗಡಿಯಾರಗಳನ್ನು ಒಪ್ಪವಾಗಿ ಜೋಡಿಸಿಟ್ಟಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ ಬಂದಿದ್ದೇನೆ. ಗಾಜಿನ ಪೆಟ್ಟಿಗೆಯಲ್ಲಿರುವ ಗಡಿಯಾರದಿಂದ ಇನ್ನೊಂದು ಗಡಿಯಾರ ಹುಟ್ಟುವುದಿಲ್ಲ. ಅದಕ್ಕೆ ಬೇಕಾದದ್ದು ನಕ್ಷೆ, ಅಚ್ಚು, ಬಣ್ಣದ ಸೂತ್ರ, ಅಳತೆಯ ಪುಸ್ತಕ. ಉಳಿದಿರುವ ಪ್ರತಿ ನಕ್ಷೆಯನ್ನೂ ಪಟ್ಟಿ ಮಾಡಿ, ಸ್ಕ್ಯಾನ್ ಮಾಡಿಸಿ, ಒಂದೆಡೆ ಇಡಲು ತಾವು ಒಂದು ಆದೇಶ ಹೊರಡಿಸಿದರೆ ಮೊದಲ ಕೆಲಸ ಮುಗಿದಂತೆ. ಅದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ.

ಎರಡನೆಯದಕ್ಕೆ ಇದಕ್ಕಿಂತ ಹೆಚ್ಚಿನ ಅವಸರವಿದೆ. ನಕ್ಷೆಯಲ್ಲಿ ಬರೆಯದೆ ಬಿಟ್ಟದ್ದು ನನ್ನ ತಾಯಿಯಂಥವರ ಬೆರಳಲ್ಲಿದೆ. ಅವರಿಗೆ ಈಗ ವಯಸ್ಸಾಗಿದೆ. ಬೆಂಗಳೂರು, ತುಮಕೂರುಗಳಲ್ಲಿರುವ ನಿವೃತ್ತ ಕೆಲಸಗಾರರನ್ನು ಕರೆಸಿ, ಐಟಿಐ ಮುಗಿಸಿದ ಹತ್ತು ಮಂದಿ ಹುಡುಗ ಹುಡುಗಿಯರನ್ನು ಅವರ ಪಕ್ಕದಲ್ಲಿ ಆರು ತಿಂಗಳು ಕೂರಿಸಿ. ಗೌರವಧನ ಕೊಡಿ, ಚಹಾ ಕೊಡಿ, ಒಳ್ಳೆಯ ಬೆಳಕಿನ ಮೇಜು ಕೊಡಿ. ಮೊದಲ ಕಂತಿಗೆ ಐನೂರು ಗಡಿಯಾರ ಸಾಕು. ಪ್ರತಿಯೊಂದರ ಬೆನ್ನಿನ ಮೇಲೆ ಮರುತಯಾರಿಕೆಯ ವರ್ಷವನ್ನು ಕೆತ್ತಿಸಿ, ಮುಂದೆ ಯಾರೂ ಅದನ್ನು ಹಳೆಯದೆಂದು ಮಾರದ ಹಾಗೆ.

ಪತ್ರ ಬರೆಯುವ ಮೊದಲು ಅಮ್ಮನನ್ನು ಕೇಳಿದೆ: ಕರೆದರೆ ಹೋಗುತ್ತೀಯಾ? ‘ಕಣ್ಣು ಮೊದಲಿನಂತಿಲ್ಲ, ಸ್ಪ್ರಿಂಗ್ ಮುಟ್ಟಲಾರೆ. ಮುಳ್ಳು ಕೂರಿಸುವುದನ್ನು ಹೇಳಿಕೊಡುತ್ತೇನೆ’ ಎಂದರು. ತಮ್ಮ ಕಚೇರಿಯಿಂದ ಕರೆ ಬಂದರೆ ಅವರನ್ನು ಕರೆತರುವ ಹೊಣೆ ನನ್ನದು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ವಾಚ್ ಕಾರ್ಖಾನೆ ನೌಕರರೊಬ್ಬರ ಮಗ
ಜಾಲಹಳ್ಳಿ, ಬೆಂಗಳೂರು